ಗಣಕಯಂತ್ರದಲ್ಲಿ ಬಳಕೆದಾರನ ಆಯ್ಕೆ : ಒಂದು ವಿವೇಚನೆ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂತಹ ಪ್ರದೇಶದಲ್ಲಿ ಗಣಕಯಂತ್ರವಿಲ್ಲದ ಶಾಲೆಯನ್ನಾಗಲಿ, ಮೊಬೈಲ್ ಫೋನ್ ಇಲ್ಲದ ಮನೆಯನ್ನಾಗಲಿ ಹುಡುಕುವುದು ಇಂದು ಕಷ್ಟದ ಕೆಲಸ. ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ, ಬ್ಯಾಂಕಿನ ವ್ಯವಹಾರ, ದಿನಪತ್ರಿಕೆ ಇವೆಲ್ಲವೂ ಈಗ ಒಂದೇ ಬಾಗಿಲಿನಿಂದ ಮನೆಯೊಳಕ್ಕೆ ಬರುತ್ತವೆ. ಆ ಬಾಗಿಲಿಗೆ ಬ್ರೌಸರ್ ಎಂದು ಹೆಸರು. ಜಾಲದರ್ಶಕವೆಂದು ಬರೆಯುವವರೂ ಉಂಟು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ, ಒಪೇರಾ ಇವು ಅದರ ಬೇರೆ ಬೇರೆ ತಯಾರಿಕೆಗಳು. ಈ ಬಾಗಿಲನ್ನು ಹೊತ್ತು ನಿಂತಿರುವ ಕಟ್ಟಡಕ್ಕೆ ಆಪರೇಟಿಂಗ್ ಸಿಸ್ಟಂ, ಎಂದರೆ ಕಾರ್ಯನಿರ್ವಹಣಾ ವ್ಯವಸ್ಥೆ, ಎಂದು ಹೆಸರು. ವಿಂಡೋಸ್, ಆಂಡ್ರಾಯ್ಡ್, ಐಫೋನಿನ ಐಓಎಸ್, ಲಿನಕ್ಸ್ ಈ ವರ್ಗಕ್ಕೆ ಸೇರಿದವು. ಕಟ್ಟಡವನ್ನು ಕಟ್ಟಿದವನೇ ಬಾಗಿಲನ್ನೂ ಮಾರುವ ವ್ಯಾಪಾರಿಯಾಗಿದ್ದರೆ, ಮನೆಯಾತ ತನಗೆ ಬೇಕಾದ ಬೇರೊಂದು ಬಾಗಿಲನ್ನು ತಂದಿಟ್ಟಾಗ ಏನಾಗುತ್ತದೆ ಎಂಬುದೇ ಇಲ್ಲಿ ವಿವೇಚಿಸಬೇಕಾಗಿರುವ ವಿಷಯ.

ಗಣಕದ ಮಾತಿನಲ್ಲಿ ಇದಕ್ಕೆ ಸಂಬಂಧಿಸಿದ ಪದ ‘ಡೀಫಾಲ್ಟ್’. ಸಹಕಾರಿ ಬ್ಯಾಂಕುಗಳು ಹಲವಿರುವ ಈ ಊರಿನವರಿಗೆ ಆ ಪದ ಮೊದಲು ಪರಿಚಯವಾದದ್ದು ಬೇರೆ ಅರ್ಥದಲ್ಲಿ: ಸಾಲದ ಕಂತನ್ನು ಕಟ್ಟದವನು ಡೀಫಾಲ್ಟರ್, ಎಂದರೆ ಸುಸ್ತಿದಾರ. ಎರಡೂ ಅರ್ಥಗಳ ಮೂಲ ಒಂದೇ, ಮಾಡಬೇಕಾದುದನ್ನು ಮಾಡದಿರುವುದು. ಬಳಕೆದಾರನು ಯಾವ ಆಯ್ಕೆಯನ್ನೂ ಮಾಡದೆ ಸುಮ್ಮನಿದ್ದರೆ ಯಂತ್ರವು ತಾನಾಗಿ ಯಾವುದನ್ನು ಹಿಡಿಯುತ್ತದೆಯೋ ಅದು ಡೀಫಾಲ್ಟ್, ಪೂರ್ವನಿಯೋಜಿತ ಆಯ್ಕೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಹಳೆಯ ಮಾತೇ ಇದರ ತಳಹದಿ.

ಸುಮ್ಮನಿದ್ದವನ ಪರವಾಗಿ ಯಂತ್ರವು ತೀರ್ಮಾನ ಮಾಡುವುದು ಒಂದು ಸಂಗತಿ. ಅದು ಅನಿವಾರ್ಯವೂ ಹೌದು, ಏಕೆಂದರೆ ಪ್ರತಿಯೊಂದಕ್ಕೂ ಪ್ರಶ್ನೆ ಕೇಳುವ ಯಂತ್ರವನ್ನು ಯಾರೂ ಬಳಸಲಾರರು. ಆದರೆ ಬಾಯಿ ಬಿಟ್ಟು ‘ನನಗೆ ಇದು ಬೇಕು’ ಎಂದು ಹೇಳಿದವನ ಮಾತನ್ನು ಬದಿಗೊತ್ತಿ, ತನ್ನದನ್ನೇ ಮುಂದೆ ತರುವುದು ಬೇರೆಯೇ ಸಂಗತಿ. ಈ ಎರಡನ್ನೂ ಕಲಸಿ ಮಾತನಾಡುವುದರಿಂದಲೇ ಈ ವಿಷಯದ ಚರ್ಚೆ ಎಷ್ಟೋ ಬಾರಿ ದಾರಿ ತಪ್ಪುತ್ತದೆ. ಪ್ರಸ್ತುತ ಲೇಖನಕ್ಕೆ ಎರಡನೆಯದೇ ಮುಖ್ಯ.

ಒಳಗೆ ನಡೆಯುವ ವ್ಯಾಪಾರ

ಅಧ್ಯಾಪಕರೊಬ್ಬರಿಗೆ ಬಂದ ಪತ್ರದಲ್ಲಿ ಒಂದು ಜಾಲತಾಣದ ಕೊಂಡಿ ಇದೆಯೆಂದು ಭಾವಿಸೋಣ. ಅದನ್ನು ಒತ್ತಿದಾಗ ಪತ್ರವನ್ನು ತೋರಿಸುತ್ತಿದ್ದ ತಂತ್ರಾಂಶ ತಾನೇ ಪುಟವನ್ನು ತೆರೆಯುವುದಿಲ್ಲ. ಕೊಂಡಿಯ ಮೊದಲ ಭಾಗದಲ್ಲಿ ‘ಎಚ್‌ಟಿಟಿಪಿಎಸ್’ ಎಂಬ ಗುರುತು ಇರುತ್ತದೆ. ಈ ಗುರುತಿನ ಕೊಂಡಿಗಳನ್ನು ಯಾರಿಗೆ ಒಪ್ಪಿಸಬೇಕು ಎಂದು ಅದು ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಕೇಳುತ್ತದೆ. ವ್ಯವಸ್ಥೆಯು ತನ್ನ ದಾಖಲೆಯ ಪುಸ್ತಕವನ್ನು ತೆರೆದು ನೋಡಿ, ಬಳಕೆದಾರನು ಯಾವ ಬ್ರೌಸರನ್ನು ನೇಮಿಸಿದ್ದಾನೆಯೋ ಅದನ್ನು ಎಬ್ಬಿಸಿ ಕೊಂಡಿಯನ್ನು ಅದರ ಕೈಗೆ ಕೊಡುತ್ತದೆ. ವಿಂಡೋಸ್‌ನಲ್ಲಿ ಈ ದಾಖಲೆಯ ಪುಸ್ತಕಕ್ಕೆ ರಿಜಿಸ್ಟ್ರಿ ಎಂದೂ, ಅದರಲ್ಲಿ ಈ ನೇಮಕ ಬರೆದಿರುವ ಜಾಗಕ್ಕೆ ‘ಯೂಸರ್ ಚಾಯ್ಸ್’ ಎಂದೂ ಹೆಸರು. ಬಳಕೆದಾರನ ಆಯ್ಕೆ ಎಂದೇ ಅದರ ಅರ್ಥ.

ಇಷ್ಟು ಸರಳವಾದ ಏರ್ಪಾಡಿನಲ್ಲಿ ಆಯ್ಕೆಯನ್ನು ಮೀರುವುದು ಹೇಗೆ? ಮೂರು ದಾರಿಗಳು ಚರಿತ್ರೆಯಲ್ಲಿ ಕಾಣಸಿಗುತ್ತವೆ. ಒಂದು, ಹೊಸ ಆವೃತ್ತಿಯನ್ನು ಅಳವಡಿಸುವ ಸಂದರ್ಭದಲ್ಲಿ ದಾಖಲೆಯನ್ನೇ ಬದಲಿಸಿಬಿಡುವುದು. ಇನ್ನೊಂದು, ದಾಖಲೆಯನ್ನು ಬದಲಿಸುವ ಕೆಲಸವನ್ನು ಬಳಕೆದಾರನಿಗೆ ಬೇಸರ ಬರುವಷ್ಟು ಉದ್ದವಾಗಿಸುವುದು. ಮೂರನೆಯದು ಎಲ್ಲಕ್ಕಿಂತ ಜಾಣತನದ್ದು; ಅದನ್ನು ಅಂಚೆಯ ಹೋಲಿಕೆಯಿಂದ ತಿಳಿಯಬಹುದು. ‘ಬಿ’ ಬ್ಲಾಕಿನ ಮನೆಯವರು ಪರಸ್ಥಳಕ್ಕೆ ಹೋಗುವಾಗ, ತಮಗೆ ಬರುವ ಕಾಗದಗಳನ್ನೆಲ್ಲ ಎದುರುಮನೆಯವರಿಗೆ ಕೊಡಬೇಕೆಂದು ಅಂಚೆಯವನಿಗೆ ಹೇಳಿ ಹೋಗಿದ್ದಾರೆ. ಅಂಚೆಯವನು ಪ್ರಾಮಾಣಿಕ, ಮಾತಿನಂತೆ ನಡೆಯುತ್ತಾನೆ. ಆದರೆ ಕಾಗದ ಬರೆಯುವವನು ಲಕೋಟೆಯ ಮೇಲೆ ಮನೆಯವರ ವಿಳಾಸವನ್ನೇ ಬರೆಯದೆ, ಮೂಲೆಯ ಅಂಗಡಿಯವನ ಹೆಸರನ್ನು ಬರೆದರೆ? ಆಗ ಮನೆಯವರ ಸೂಚನೆ ಮುರಿಯಲಿಲ್ಲ. ಅದು ಅನ್ವಯವಾಗಲೇ ಇಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಸ್ಟಾರ್ಟ್ ಮೆನುವಿನ ಹುಡುಕಾಟ, ಸುದ್ದಿ-ಹವಾಮಾನದ ಫಲಕ ಮುಂತಾದೆಡೆಗಳಲ್ಲಿ ನಡೆದದ್ದು ಇದೇ. ಅಲ್ಲಿನ ಕೊಂಡಿಗಳು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗದೆ ‘ಮೈಕ್ರೋಸಾಫ್ಟ್-ಎಡ್ಜ್’ ಎಂಬ ಖಾಸಗಿ ಗುರುತಿನಿಂದ ಆರಂಭವಾಗುತ್ತಿದ್ದವು. ಬಳಕೆದಾರನು ಫೈರ್‌ಫಾಕ್ಸನ್ನೋ ಕ್ರೋಮನ್ನೋ ನೇಮಿಸಿಕೊಂಡಿದ್ದರೂ ತೆರೆಯುತ್ತಿದ್ದದ್ದು ಎಡ್ಜ್. ಈ ಖಾಸಗಿ ಲಕೋಟೆಯನ್ನು ಒಡೆದು ಸಾಮಾನ್ಯ ವಿಳಾಸಕ್ಕೆ ಮರಳಿಸುವ ‘ಎಡ್ಜ್‌ಡಿಫ್ಲೆಕ್ಟರ್’ ಎಂಬ ಚಿಕ್ಕ ಉಪಕರಣವನ್ನು ಸ್ವತಂತ್ರ ತಂತ್ರಜ್ಞರೊಬ್ಬರು ಸಿದ್ಧಪಡಿಸಿ ಹಂಚಿದ್ದರು. 2021ರ ನವೆಂಬರಿನಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯೊಂದರಲ್ಲಿ ಅದರ ದಾರಿಯನ್ನೂ ಮುಚ್ಚಲಾಯಿತು.

ನ್ಯಾಯಾಲಯದಲ್ಲಿ ಒಂದು ಹಳೆಯ ಪ್ರಶ್ನೆ

ಈ ಕಲಹ ಹೊಸದಲ್ಲ. 1994ರ ಡಿಸೆಂಬರಿನಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಹೊರಬಂದು ಜನಪ್ರಿಯವಾಯಿತು. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95ರ ಬೆನ್ನಿಗೆ ಮೈಕ್ರೋಸಾಫ್ಟ್ ತನ್ನದೇ ಆದ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ತಂದಿತು. 1998ರ ಜೂನಿನಲ್ಲಿ ಬಂದ ವಿಂಡೋಸ್ 98ರಲ್ಲಿ ಅದು ವ್ಯವಸ್ಥೆಯ ಅಂಗವೇ ಆಗಿಹೋಯಿತು. ಅದಕ್ಕೆ ತುಸು ಮೊದಲೇ, ಮೇ 18ರಂದು, ಅಮೆರಿಕದ ನ್ಯಾಯ ಇಲಾಖೆ ಹಾಗೂ ಹಲವು ರಾಜ್ಯಗಳು ಕಂಪನಿಯ ಮೇಲೆ ಏಕಸ್ವಾಮ್ಯದ ದಾವೆ ಹೂಡಿದ್ದವು. ವಿಚಾರಣೆ ನಡೆಸಿದ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 1999ರ ನವೆಂಬರ್ 5ರಂದು ಕೊಟ್ಟ ವಾಸ್ತವಾಂಶಗಳ ನಿರ್ಣಯದಲ್ಲಿ, ಬಳಕೆದಾರನು ಬೇರೆ ಬ್ರೌಸರನ್ನು ನೇಮಿಸಿಕೊಂಡಿದ್ದರೂ ವಿಂಡೋಸ್ 98 ಕೆಲವು ಸಂದರ್ಭಗಳಲ್ಲಿ ಎಕ್ಸ್‌ಪ್ಲೋರರನ್ನೇ ತೆರೆಯುತ್ತದೆ ಎಂಬುದು ಸ್ಥಾಪಿತವಾಯಿತು. 2000ದ ಜೂನ್ 7ರಂದು ಅವರು ಕಂಪನಿಯನ್ನು ಎರಡಾಗಿ ಒಡೆಯಬೇಕೆಂದು ಆಜ್ಞೆ ಮಾಡಿದರು.

ಮೇಲ್ಮನವಿ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠ 2001ರ ಜೂನ್ 28ರಂದು ಆ ಒಡೆಯುವ ಆಜ್ಞೆಯನ್ನು ರದ್ದುಪಡಿಸಿತು. ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡ ದೋಷವನ್ನು ಮಾತ್ರ ಬಹುಪಾಲು ಎತ್ತಿಹಿಡಿಯಿತು. ಈ ಮಹಾಪ್ರಕರಣವನ್ನು ಬಲ್ಲವರು ಸಾಮಾನ್ಯವಾಗಿ ಇಷ್ಟನ್ನು ನೆನಪಿಡುತ್ತಾರೆ. ಆದರೆ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಭಾಗ ತೀರ್ಪಿನೊಳಗೆ ಇನ್ನೂ ಆಳದಲ್ಲಿದೆ. ಎಕ್ಸ್‌ಪ್ಲೋರರನ್ನು ವಿಂಡೋಸ್‌ಗೆ ಬಿಗಿಯಲು ಕಂಪನಿ ಕೈಗೊಂಡ ಮೂರು ತಾಂತ್ರಿಕ ಕ್ರಮಗಳನ್ನು ಪೀಠ ಪ್ರತ್ಯೇಕವಾಗಿ ಪರಿಶೀಲಿಸಿತು. ತಂತ್ರಾಂಶಗಳನ್ನು ತೆಗೆದುಹಾಕುವ ಪಟ್ಟಿಯಿಂದ ಎಕ್ಸ್‌ಪ್ಲೋರರನ್ನು ಕೈಬಿಟ್ಟದ್ದು ತಪ್ಪು ಎಂದಿತು. ಬ್ರೌಸರಿನ ಸಂಕೇತಗಳನ್ನು ವಿಂಡೋಸ್‌ನ ಸಂಕೇತಗಳೊಡನೆ ಒಂದೇ ಕಡತದಲ್ಲಿ ಬೆರೆಸಿದ್ದು ತಪ್ಪು ಎಂದಿತು. ಬಳಕೆದಾರನ ಆಯ್ಕೆಯನ್ನು ಮೀರಿದ ಮೂರನೆಯ ಕ್ರಮದ ಬಗ್ಗೆ ಮಾತ್ರ ಅದರ ತೀರ್ಮಾನ ಬೇರೆಯಾಯಿತು.

ಆ ಕ್ರಮದಿಂದ ಜನರು ಬೇರೆ ಬ್ರೌಸರ್ ಬಳಸಲು ಹಿಂಜರಿಯುತ್ತಾರೆ, ಪ್ರತಿಸ್ಪರ್ಧಿಗಳಿಗೆ ಹಾನಿಯಾಗುತ್ತದೆ ಎಂಬುದನ್ನು ಪೀಠ ಒಪ್ಪಿತು. ಆದರೆ ಮೈಕ್ರೋಸಾಫ್ಟ್ ಮೂರು ತಾಂತ್ರಿಕ ಕಾರಣಗಳನ್ನು ಮುಂದಿಟ್ಟಿತ್ತು. ವಿಂಡೋಸ್ 98ರ ಸಹಾಯ ವಿಭಾಗ ‘ಆಕ್ಟಿವ್‌ಎಕ್ಸ್’ ಎಂಬ ಏರ್ಪಾಡನ್ನು ಅವಲಂಬಿಸಿತ್ತು, ನ್ಯಾವಿಗೇಟರಿಗೆ ಅದು ತಿಳಿಯದು; ವ್ಯವಸ್ಥೆಯನ್ನು ನವೀಕರಿಸುವ ವಿಭಾಗದ್ದೂ ಅದೇ ಕತೆ; ‘ಮೈ ಕಂಪ್ಯೂಟರ್’ ಕಿಟಕಿಯಿಂದ ನೇರವಾಗಿ ಜಾಲಕ್ಕೆ ಹೋಗುವವನಿಗೆ ಅದೇ ಕಿಟಕಿಯಲ್ಲಿ ಪುಟ ತೋರಿಸಬೇಕಾದರೆ ನ್ಯಾವಿಗೇಟರ್ ಒದಗದು, ಅದು ಬೇರೆ ಕಿಟಕಿಯನ್ನೇ ತೆರೆಯುತ್ತದೆ. ಈ ಕಾರಣಗಳು ಸುಳ್ಳೆಂದಾಗಲಿ, ಹಾನಿಯು ಪ್ರಯೋಜನಕ್ಕಿಂತ ಹೆಚ್ಚೆಂದಾಗಲಿ ಫಿರ್ಯಾದುದಾರರು ಸಾಧಿಸಿ ತೋರಿಸಲಿಲ್ಲ. ಆದ್ದರಿಂದ ಈ ಒಂದು ಅಂಶದಲ್ಲಿ ಕಂಪನಿಯನ್ನು ಹೊಣೆ ಮಾಡಲಾಗದೆಂದು ಪೀಠ ತೀರ್ಮಾನಿಸಿತು. ಆಯ್ಕೆಯನ್ನು ಮೀರುವುದು ನಿರ್ದೋಷವೆಂದು ನ್ಯಾಯಾಲಯ ಹೇಳಲಿಲ್ಲ. ಸಾಕ್ಷ್ಯದ ಹೊರೆಯನ್ನು ಹೊರಬೇಕಾದವರು ಹೊರಲಿಲ್ಲವೆಂದಿತು. ಇವೆರಡರ ನಡುವಿನ ಅಂತರವನ್ನು ಮರೆತು, ಆ ತೀರ್ಪನ್ನು ಕಂಪನಿಯ ಪರವಾದ ಪ್ರಮಾಣಪತ್ರವೆಂದು ಉದ್ಧರಿಸುವುದು ಸರಿಯಲ್ಲ.

ಅಷ್ಟರಲ್ಲಿ ನೆಟ್‌ಸ್ಕೇಪ್ ಬೇರೆಯವರ ಕೈಸೇರಿತ್ತು. ಎಕ್ಸ್‌ಪ್ಲೋರರ್ ಬಳಸುವವರ ಪ್ರಮಾಣ ಶೇಕಡಾ 90ನ್ನು ದಾಟಿತ್ತು.

ಕನ್ನಡದ ಪಾಡು

ದೂರದ ವಾಷಿಂಗ್‌ಟನ್ನಿನಲ್ಲಿ ನಡೆದ ಈ ವ್ಯಾಜ್ಯದ ಕಾವು ಕನ್ನಡದ ಓದುಗನನ್ನೂ ತಟ್ಟದೆ ಬಿಡಲಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಜಾಲಪುಟಗಳು ಓದುಗನ ಯಂತ್ರಕ್ಕೆ ಅಕ್ಷರಗಳ ಅಚ್ಚನ್ನೂ ಜೊತೆಯಲ್ಲೇ ಕಳುಹಿಸಬೇಕಾಗಿತ್ತು. ಅದಕ್ಕಾಗಿ ಮೈಕ್ರೋಸಾಫ್ಟ್ ರೂಪಿಸಿದ್ದ ಇಓಟಿ ಎಂಬ ಕಡತದ ಬಗೆ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಮೂಡುತ್ತಿತ್ತು. ಇಂತಹ ಪುಟವನ್ನು ನ್ಯಾವಿಗೇಟರಿನಲ್ಲಿಯೋ, 2004ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸಿನಲ್ಲಿಯೋ ತೆರೆದವನಿಗೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಆತನ ಆಯ್ಕೆಯನ್ನು ಇಲ್ಲಿ ಯಾರೂ ಬಲವಂತದಿಂದ ಕಸಿಯಲಿಲ್ಲ. ತನ್ನ ಭಾಷೆಯನ್ನು ಓದಬೇಕಾದರೆ ಆತನೇ ಅದನ್ನು ಬಿಟ್ಟುಕೊಡಬೇಕಾಯಿತು. ಸರ್ಕಾರದ ಹಲವು ಜಾಲತಾಣಗಳೂ ಬಹುಕಾಲ ಇದೇ ಬ್ರೌಸರಿಗೆ ಅಂಟಿಕೊಂಡಿದ್ದವು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ತಾನೇ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿದಾಗ, ಅದನ್ನು ನಂಬಿ ಕಟ್ಟಿದ ತಾಣಗಳು ಪೇಚಿಗೆ ಸಿಕ್ಕಿದ್ದು ಸಹಜ.

ಕೀಲಿಮಣೆಯ ವಿಷಯವನ್ನೂ ಇಲ್ಲಿ ನೆನೆಯಬಹುದು. ರಾಜ್ಯ ಸರ್ಕಾರ ಮಾನ್ಯ ಮಾಡಿದ ಕನ್ನಡ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನೇ ಅನುಸರಿಸುತ್ತದೆ. ವಿಂಡೋಸ್ ತನ್ನೊಡನೆ ತಂದದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು. ನಾಡಿನ ಬೆರಳಚ್ಚುಗಾರರು ನುಡಿಯನ್ನೋ ಬರಹವನ್ನೋ ಬೇರೆಯಾಗಿ ತಂದು ಅಳವಡಿಸಿಕೊಂಡರು. ಆದರೆ ಇದು ಮೇಲೆ ಹೇಳಿದ ಮೊದಲ ಬಗೆಯದು. ಆಯ್ದುಕೊಂಡವನ ಆಯ್ಕೆಯನ್ನು ಯಂತ್ರ ಇಲ್ಲಿ ಕಿತ್ತುಹಾಕಲಿಲ್ಲ.

ಬ್ರೌಸರಿನ ಸ್ಪರ್ಧೆಗೆ ಕರ್ನಾಟಕದಿಂದಲೇ ಒಬ್ಬ ಸ್ಪರ್ಧಾಳು ಇಳಿದದ್ದು ಬಹಳ ಮಂದಿಗೆ ತಿಳಿದಿಲ್ಲ. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಸಂಸ್ಥೆ 2010ರ ಜುಲೈಯಲ್ಲಿ ‘ಎಪಿಕ್’ ಎಂಬ ಬ್ರೌಸರನ್ನು ಬಿಡುಗಡೆ ಮಾಡಿತು. ಭಾರತದ ಮೊದಲ ಬ್ರೌಸರ್ ಎಂದು ಅದನ್ನು ಕರೆಯಲಾಯಿತು. ಫೈರ್‌ಫಾಕ್ಸಿನ ಮುಕ್ತ ಸಂಕೇತಗಳ ಮೇಲೆ ಕಟ್ಟಿದ್ದ ಅದರಲ್ಲಿ ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಲಭ್ಯವನ್ನೂ, ವೈರಸ್ ತಪಾಸಣೆಯನ್ನೂ ಕೂಡಿಸಲಾಗಿತ್ತು. 2013ರಲ್ಲಿ ಅದು ಕ್ರೋಮಿಯಂ ಎಂಬ ಬೇರೊಂದು ಮುಕ್ತ ಬುನಾದಿಗೆ ಬದಲಾಗಿ, ಬಳಕೆದಾರನ ಗೋಪ್ಯತೆಯನ್ನೇ ಮುಖ್ಯ ಗುರಿಯಾಗಿರಿಸಿಕೊಂಡಿತು. ಇಂತಹ ಚಿಕ್ಕ ಸಂಸ್ಥೆಯ ದೃಷ್ಟಿಯಿಂದ ನೋಡಿದರೆ ಪೂರ್ವನಿಯೋಜನೆಯ ಬೆಲೆ ಎಷ್ಟೆಂಬುದು ಸ್ಪಷ್ಟವಾಗುತ್ತದೆ. ಯಂತ್ರದೊಡನೆ ಪುಕ್ಕಟೆಯಾಗಿ ಬರುವ ಬ್ರೌಸರನ್ನು ಬದಿಗಿರಿಸಿ, ಬೇರೊಂದನ್ನು ಹುಡುಕಿ ತಂದು, ಅದನ್ನು ನೇಮಿಸುವವನು ನೂರರಲ್ಲಿ ಎಲ್ಲೋ ಕೆಲವನು. ಆ ಕೆಲವನ ನೇಮಕವೂ ಮುಂದಿನ ನವೀಕರಣದಲ್ಲಿ ಅಳಿದುಹೋಗುವುದಾದರೆ ಒಳ್ಳೆಯ ಬ್ರೌಸರ್ ತಯಾರಿಸುವ ಶ್ರಮಕ್ಕೆ ಅರ್ಥವೇ ಉಳಿಯದು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಆಗಸ್ಟಿನಲ್ಲಿ ಸ್ವದೇಶಿ ಬ್ರೌಸರ್ ಸ್ಪರ್ಧೆಯನ್ನು ಘೋಷಿಸಿತು. 2025ರ ಮಾರ್ಚಿನಲ್ಲಿ ಜೋಹೋ ಸಂಸ್ಥೆ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಪಡೆಯಿತು. ಬಹುಮಾನದಿಂದ ಬ್ರೌಸರ್ ಹುಟ್ಟಬಹುದು. ಅದು ಮನೆಯ ಬಾಗಿಲಾಗುವುದು ಮಾತ್ರ ಕಟ್ಟಡದವನ ಕೃಪೆಯನ್ನು ಅವಲಂಬಿಸಿದೆ.

ಯೂರೋಪಿನ ಒತ್ತಾಯ

ಯೂರೋಪಿನ ಒಕ್ಕೂಟ ಹಿಡಿದ ದಾರಿ ಅಮೆರಿಕದ್ದಕ್ಕಿಂತ ಬೇರೆ. ಒಪೇರಾ ಸಂಸ್ಥೆಯ ದೂರಿನಿಂದ ಆರಂಭವಾದ ವಿಚಾರಣೆಯ ಕೊನೆಗೆ, 2009ರ ಡಿಸೆಂಬರಿನಲ್ಲಿ, ವಿಂಡೋಸ್ ಬಳಸುವವರ ಮುಂದೆ ಹನ್ನೆರಡು ಬ್ರೌಸರುಗಳ ಪಟ್ಟಿಯನ್ನಿಟ್ಟು ಆರಿಸಿಕೊಳ್ಳಲು ಬಿಡುವುದಾಗಿ ಮೈಕ್ರೋಸಾಫ್ಟ್ ಒಪ್ಪಿತು. ಚುನಾವಣೆಯ ಮತಪತ್ರದಂತಹ ಈ ಏರ್ಪಾಡು 2010ರ ಮಾರ್ಚಿನಲ್ಲಿ ಜಾರಿಗೆ ಬಂದಿತು. ಆದರೆ 2011ರ ಮೇ ತಿಂಗಳಿನಿಂದ 2012ರ ಜುಲೈವರೆಗೆ ವಿಂಡೋಸ್ 7ರ ಒಂದು ಆವೃತ್ತಿಯಲ್ಲಿ ಆ ಪಟ್ಟಿ ಕಾಣಿಸಲೇ ಇಲ್ಲ. ತಾಂತ್ರಿಕ ದೋಷವೆಂದು ಕಂಪನಿ ಹೇಳಿಕೊಂಡರೂ 2013ರ ಮಾರ್ಚ್ 6ರಂದು 561 ದಶಲಕ್ಷ ಯೂರೋ ದಂಡ ಬಿದ್ದಿತು. ಮತಪತ್ರ ಸುಮಾರು ಹದಿನಾಲ್ಕು ತಿಂಗಳು ಕಾಣೆಯಾದುದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲವೆಂಬುದೇ ದಂಡಕ್ಕಿಂತ ಹೆಚ್ಚು ಯೋಚನೆಗೆ ಈಡುಮಾಡುವ ಸಂಗತಿ.

2015ರ ಜುಲೈ 29ರಂದು ವಿಂಡೋಸ್ 10 ಬಂದಿತು. ಹಳೆಯ ಆವೃತ್ತಿಯಿಂದ ಮೇಲಕ್ಕೇರಿದವರಲ್ಲಿ ಅನೇಕರ ನೇಮಕ ಸದ್ದಿಲ್ಲದೆ ಎಡ್ಜ್‌ಗೆ ಬದಲಾಯಿತು. ಮರುದಿನವೇ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಮುಖ್ಯಾಧಿಕಾರಿ ಕ್ರಿಸ್ ಬಿಯರ್ಡ್, ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಳ್ಲ ಅವರಿಗೆ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ನಾದೆಳ್ಲ ಅವರು ಮಣಿಪಾಲದ ತಾಂತ್ರಿಕ ವಿದ್ಯಾಲಯದ ಹಳೆಯ ವಿದ್ಯಾರ್ಥಿ ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಆ ಅಭಿಮಾನ ಪತ್ರದಲ್ಲಿದ್ದ ಪ್ರಶ್ನೆಗೆ ಉತ್ತರವಾಗಲಾರದು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರಲ್ಲಂತೂ ಎಚ್‌ಟಿಎಂಎಲ್, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂದು ಒಂದೊಂದು ಬಗೆಗೂ ಪ್ರತ್ಯೇಕವಾಗಿ ಬ್ರೌಸರನ್ನು ನೇಮಿಸಬೇಕಾಯಿತು. ಟೀಕೆ ಹೆಚ್ಚಿದ ಮೇಲೆ 2022ರ ಮಾರ್ಚಿನಲ್ಲಿ ಒಂದೇ ಗುಂಡಿಯ ಸೌಲಭ್ಯ ಮರಳಿತು. 2023ರಲ್ಲಿ ಔಟ್‌ಲುಕ್ ಅಂಚೆಯಲ್ಲಿಯೂ ಟೀಮ್ಸ್‌ನಲ್ಲಿಯೂ ಬರುವ ಕೊಂಡಿಗಳನ್ನು ಎಡ್ಜ್‌ನಲ್ಲೇ ತೆರೆಯುವ ಕ್ರಮ ಬಂದಿತು. ಯೂರೋಪಿನಲ್ಲಿ ಮಾತ್ರ, ಡಿಜಿಟಲ್ ಮಾರುಕಟ್ಟೆಗಳ ಕಾಯಿದೆ 2024ರ ಮಾರ್ಚಿನಿಂದ ಪೂರ್ಣವಾಗಿ ಅನ್ವಯವಾದ ಕಾರಣ, ಅಲ್ಲಿಯ ವಿಂಡೋಸ್ ಬಳಕೆದಾರನ ನೇಮಕವನ್ನು ಗೌರವಿಸತೊಡಗಿತು. ಒಂದೇ ತಂತ್ರಾಂಶ ಒಂದು ಖಂಡದಲ್ಲಿ ಮಾತು ಕೇಳುತ್ತದೆ, ಇನ್ನೊಂದರಲ್ಲಿ ಕೇಳುವುದಿಲ್ಲ ಎಂದಾದ ಮೇಲೆ ತಾಂತ್ರಿಕ ಅನಿವಾರ್ಯತೆಯ ವಾದ ನಿಲ್ಲುವುದು ಕಷ್ಟ.

ಆಪಲ್ ಸಂಸ್ಥೆಯ ಐಫೋನಿನಲ್ಲಿ 2020ರ ಸೆಪ್ಟೆಂಬರ್‌ವರೆಗೆ ಬ್ರೌಸರ್ ನೇಮಿಸುವ ಅವಕಾಶವೇ ಇರಲಿಲ್ಲ. ಐಓಎಸ್ 14ರಲ್ಲಿ ಅವಕಾಶ ಬಂದಿತು. ಆದರೆ ಫೋನನ್ನು ಆರಿಸಿ ಹೊತ್ತಿಸಿದೊಡನೆ ನೇಮಕವು ಮತ್ತೆ ಸಫಾರಿಗೆ ಮರಳುವ ದೋಷ ಕಂಡುಬಂದು, ಕೆಲವೇ ದಿನಗಳಲ್ಲಿ ಅದನ್ನು ತಿದ್ದಬೇಕಾಯಿತು. ಇದು ದೋಷವೇ, ಉದ್ದೇಶವಲ್ಲ. ಆದರೂ ಇಂತಹ ದೋಷಗಳು ಯಾವಾಗಲೂ ಮನೆಯೊಡೆಯನ ಬ್ರೌಸರಿನ ಕಡೆಗೇ ವಾಲುವುದು ಕುತೂಹಲಕರ.

ಭಾರತದ ಆಯೋಗ

ಭಾರತದಲ್ಲಿ ಈ ಪ್ರಶ್ನೆ ಮೇಜಿನ ಗಣಕದ ಮೂಲಕ ಬರಲಿಲ್ಲ, ಜೇಬಿನ ಫೋನಿನ ಮೂಲಕ ಬಂದಿತು. ಇಲ್ಲಿಯ ಸ್ಮಾರ್ಟ್‌ಫೋನುಗಳಲ್ಲಿ ಬಹುತೇಕ ಎಲ್ಲವೂ ಆಂಡ್ರಾಯ್ಡ್. ಪ್ಲೇ ಸ್ಟೋರ್ ಬೇಕೆಂಬ ತಯಾರಕನು ಕ್ರೋಮ್, ಹುಡುಕಾಟ, ಯೂಟ್ಯೂಬ್ ಮುಂತಾದ ಗೂಗಲ್‌ನ ತಂತ್ರಾಂಶಗಳ ಕಟ್ಟನ್ನೇ ಮುಂಚಿತವಾಗಿ ಅಳವಡಿಸಬೇಕು ಎಂಬುದು ಗೂಗಲ್ ಮಾಡಿಕೊಂಡಿದ್ದ ಕರಾರು. ಭಾರತೀಯ ಸ್ಪರ್ಧಾ ಆಯೋಗ 2019ರ ಏಪ್ರಿಲಿನಲ್ಲಿ ತನಿಖೆಗೆ ಆದೇಶಿಸಿತು. 2022ರ ಅಕ್ಟೋಬರ್ 20ರಂದು ಹೊರಬಿದ್ದ ಆದೇಶದಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಲಾಯಿತು. ಆಂಡ್ರಾಯ್ಡ್‌ನ ತಂತ್ರಾಂಶ ಅಂಗಡಿಯಲ್ಲಿರುವ ಪ್ರಾಬಲ್ಯವನ್ನು ಬಳಸಿ ಗೂಗಲ್ ಬ್ರೌಸರುಗಳ ಮಾರುಕಟ್ಟೆಯಲ್ಲಿ ಕ್ರೋಮ್‌ನ ಸ್ಥಾನವನ್ನು ಕಾಯ್ದುಕೊಂಡಿದೆ ಎಂದು ಆಯೋಗ ಸ್ಪಷ್ಟವಾಗಿ ಹೇಳಿತು. ದಂಡಕ್ಕಿಂತ ಮುಖ್ಯವಾದವು ಅದರ ನಿರ್ದೇಶನಗಳು. ಕಟ್ಟನ್ನು ಇಡಿಯಾಗಿ ಹೇರಬಾರದು. ಹೊಸ ಫೋನನ್ನು ಮೊದಲು ಸಿದ್ಧಪಡಿಸುವಾಗಲೇ ಹುಡುಕಾಟದ ಯಂತ್ರವನ್ನು ಆರಿಸಲು ಬಿಡಬೇಕು. ಮೊದಲೇ ಅಳವಡಿಸಿದ ತಂತ್ರಾಂಶಗಳನ್ನು ತೆಗೆದುಹಾಕಲು ತಡೆ ಇರಬಾರದು.

ಗೂಗಲ್ ಮೇಲ್ಮನವಿ ಸಲ್ಲಿಸಿತು. ಸರ್ವೋಚ್ಚ ನ್ಯಾಯಾಲಯ 2023ರ ಜನವರಿ 19ರಂದು ತಡೆಯಾಜ್ಞೆ ಕೊಡಲು ನಿರಾಕರಿಸಿತು. ಆರು ದಿನಗಳ ತರುವಾಯ, ತಯಾರಕರು ತಂತ್ರಾಂಶಗಳನ್ನು ಬಿಡಿಬಿಡಿಯಾಗಿ ಪಡೆಯಬಹುದೆಂದೂ ಬಳಕೆದಾರರು ಹುಡುಕಾಟದ ಯಂತ್ರವನ್ನು ಆರಿಸಿಕೊಳ್ಳಬಹುದೆಂದೂ ಗೂಗಲ್ ಪ್ರಕಟಿಸಿತು. ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಾಧಿಕರಣ ಮಾರ್ಚ್ 29ರಂದು ದಂಡವನ್ನು ಪೂರ್ತಿಯಾಗಿ ಎತ್ತಿಹಿಡಿಯಿತು. ಆದರೆ ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿತು. ತೆಗೆದುಹಾಕುವ ಹಕ್ಕು ಆ ನಾಲ್ಕರಲ್ಲಿ ಒಂದು. ಪತ್ರಿಕೆಗಳಲ್ಲಿ ದಂಡದ ಮೊತ್ತ ದಪ್ಪಕ್ಷರದಲ್ಲಿ ಬಂದಿತು. ಹೋದ ಹಕ್ಕಿನ ಸುದ್ದಿ ಒಳಪುಟ ಸೇರಿತು. 2024ರ ಮಾರ್ಚಿನಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಪ್ರಕಟಿಸಿದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನಲ್ಲಿ, ಪೂರ್ವನಿಯೋಜಿತ ಆಯ್ಕೆಗಳನ್ನು ಬದಲಿಸಲು ದೊಡ್ಡ ಸಂಸ್ಥೆಗಳು ಬಳಕೆದಾರರಿಗೆ ಅವಕಾಶ ಕೊಡಬೇಕೆಂಬ ಅಂಶ ಸೇರಿತ್ತು.

ಕಂಪನಿಗಳ ಪರವಾದ ವಾದ

ಕಂಪನಿಗಳ ಕಡೆಯ ಮಾತನ್ನೂ ಆಲಿಸದೆ ವಿವೇಚನೆ ಪೂರ್ಣವಾಗದು. ಒಂದು ಕಾಲದಲ್ಲಿ ಪುಕ್ಕಟೆ ಆಟಗಳ, ಹಾಡುಗಳ ಜೊತೆ ನುಸುಳಿ ಬರುತ್ತಿದ್ದ ಕಳ್ಳ ತಂತ್ರಾಂಶಗಳು ಬಳಕೆದಾರನಿಗೆ ತಿಳಿಯದಂತೆ ರಿಜಿಸ್ಟ್ರಿಯಲ್ಲಿ ಬ್ರೌಸರಿನ ನೇಮಕವನ್ನು ಬದಲಿಸಿ, ಜಾಹೀರಾತುಗಳ ಸಂತೆಗೆ ಅವನನ್ನು ಎಳೆದೊಯ್ಯುತ್ತಿದ್ದವು. ಇದನ್ನು ತಡೆಯಲು 2012ರ ವಿಂಡೋಸ್ 8ರಿಂದ ‘ಯೂಸರ್ ಚಾಯ್ಸ್’ ದಾಖಲೆಯ ಪಕ್ಕದಲ್ಲಿ ಒಂದು ರಹಸ್ಯ ಲೆಕ್ಕದ ಮುದ್ರೆಯನ್ನು ಒತ್ತುವ ಪದ್ಧತಿ ಬಂದಿತು. ಮುದ್ರೆ ತಾಳೆಯಾಗದಿದ್ದರೆ ವ್ಯವಸ್ಥೆ ಆ ನೇಮಕವನ್ನು ತಿರಸ್ಕರಿಸುತ್ತದೆ. ಉದ್ದೇಶ ಒಳ್ಳೆಯದು, ಕಳ್ಳನ ಕೈಯಿಂದ ಪುಸ್ತಕವನ್ನು ಕಾಯುವುದು. ಆದರೆ ಅದೇ ಬೀಗ ಪ್ರಾಮಾಣಿಕವಾದ ಫೈರ್‌ಫಾಕ್ಸಿಗೂ ಎಪಿಕ್‌ಗೂ ಅಡ್ಡವಾಯಿತು. ಬಳಕೆದಾರನು ಒಪ್ಪಿದರೂ ಆ ಬ್ರೌಸರ್ ತನ್ನನ್ನು ತಾನು ನೇಮಿಸಿಕೊಳ್ಳಲಾರದು. ಆತನನ್ನು ಸೆಟ್ಟಿಂಗ್ಸ್ ಪುಟದವರೆಗೆ ಕರೆದೊಯ್ದು ಅಲ್ಲಿ ಕೈಬಿಡಬೇಕು. ಬೀಗದ ಕೈ ಇರುವುದು ಒಬ್ಬನಲ್ಲೇ, ಅವನೂ ಒಬ್ಬ ಸ್ಪರ್ಧಿ. ಇಲ್ಲಿಗೆ ಈ ವಾದದ ಬಲ ಕುಂದುತ್ತದೆ.

ಶಾಲೆಯ ಗಣಕ ಕೊಠಡಿ

ದಾನಿಗಳ ಔದಾರ್ಯದಿಂದಲೋ ಹಳೆಯ ವಿದ್ಯಾರ್ಥಿಗಳ ನೆರವಿನಿಂದಲೋ ಶಾಲೆಗೆ ಹತ್ತು ಗಣಕಗಳು ಬಂದಿವೆ ಎಂದಿಟ್ಟುಕೊಂಡರೆ, ಈ ವಿಷಯ ಕೇವಲ ಕಂಪನಿಗಳ ಜಗಳವಲ್ಲವೆಂಬುದು ಗೋಚರಿಸುತ್ತದೆ. ಅಧ್ಯಾಪಕರು ಶ್ರಮವಹಿಸಿ ಪ್ರತಿ ಯಂತ್ರದಲ್ಲಿಯೂ ಫೈರ್‌ಫಾಕ್ಸನ್ನು ಅಳವಡಿಸುತ್ತಾರೆ. ಅದರ ಆದೇಶಗಳೆಲ್ಲ ಕನ್ನಡದಲ್ಲಿಯೇ ದೊರೆಯುತ್ತವೆ, ಆ ಅನುವಾದ ಸ್ವಯಂಸೇವಕರ ದುಡಿಮೆಯ ಫಲ. ಮಕ್ಕಳಿಗೆ ತಕ್ಕದಲ್ಲದ ತಾಣಗಳನ್ನೂ ಜಾಹೀರಾತುಗಳನ್ನೂ ತಡೆಯುವ ಜೋಡಣೆಯನ್ನು ಆ ಬ್ರೌಸರಿಗೆ ಸೇರಿಸುತ್ತಾರೆ. ಆದರೆ ಬ್ರೌಸರಿನೊಳಗೆ ಮಾಡಿದ ಈ ಕಾವಲು ಆ ಬ್ರೌಸರಿಗೆ ಮಾತ್ರ ಅನ್ವಯ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸ್ಟಾರ್ಟ್ ಮೆನುವಿನಲ್ಲಿ ಒಂದು ಪದವನ್ನು ಹುಡುಕಿದಾಗ ಬೇರೊಂದು ಬ್ರೌಸರ್ ತೆರೆದರೆ ಅಲ್ಲಿ ಕಾವಲಿಲ್ಲ, ಕನ್ನಡವೂ ಇಲ್ಲ. ಅಧ್ಯಾಪಕರು ಮುಂಬಾಗಿಲಲ್ಲಿ ನಿಂತಿದ್ದಾರೆ, ಮಗು ಹಿತ್ತಲಿನಿಂದ ಹೊರಗೆ ಹೋಗಿದೆ. ಆದಕಾರಣ ಶಾಲೆಗಳು ತಡೆಯ ಏರ್ಪಾಡನ್ನು ಬ್ರೌಸರಿನಲ್ಲಷ್ಟೇ ಇಡದೆ, ಇಡೀ ಕೊಠಡಿಗೆ ಅಂತರಜಾಲ ಹಂಚುವ ರೌಟರಿನಲ್ಲಿಯೂ ಇಡುವುದು ಒಳ್ಳೆಯದು.

ಇದಕ್ಕಿಂತ ಮೂಲಕ್ಕೆ ಕೈಹಾಕಿದ ಉದಾಹರಣೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿದೆ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ, ಮುಂದೆ ‘ಕೈಟ್’ ಎಂಬ ಸಂಸ್ಥೆಯಾಗಿ, ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಕೆಗೆ ತಂದಿತು. ಗಣಕ ವಿಷಯದ ಪಠ್ಯಪುಸ್ತಕಗಳು ಅಲ್ಲಿ ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಮಕ್ಕಳು ಕಲಿಯುವುದು ಲಿನಕ್ಸ್ ಮೇಲೆ. ಲಿನಕ್ಸ್‌ನಲ್ಲಿಯೂ ಪೂರ್ವನಿಯೋಜಿತ ಬ್ರೌಸರ್ ಇದ್ದೇ ಇದೆ. ಆದರೆ ಬಳಕೆದಾರನ ನೇಮಕವು ಅವನದೇ ಕಡತಕೋಶದಲ್ಲಿ, ಯಾವ ರಹಸ್ಯ ಮುದ್ರೆಯೂ ಇಲ್ಲದ ಸಾದಾ ಅಕ್ಷರಗಳ ಒಂದು ಕಡತದಲ್ಲಿರುತ್ತದೆ. ಮಗು ಅದನ್ನು ತೆರೆದು ಓದಬಹುದು, ತಿದ್ದಬಹುದು, ತಿದ್ದಿದ್ದರ ಫಲವನ್ನು ಕೂಡಲೇ ಕಾಣಬಹುದು. ಇದಕ್ಕೂ ತೊಡಕುಗಳುಂಟು. ಅಂಕೀಯ ಸಹಿ ಬೇಡುವ ಕೆಲವು ಕಚೇರಿ ಕೆಲಸಗಳಿಗೆ ವಿಂಡೋಸ್ ಇರುವ ಒಂದು ಯಂತ್ರವನ್ನು ಉಳಿಸಿಕೊಳ್ಳಬೇಕಾಗುತ್ತದೆ.

ವಿಂಡೋಸ್ ಇರುವ ಕೊಠಡಿಯಲ್ಲಿ ಮಾಡಬೇಕಾದ ಕೆಲಸ ಹೆಚ್ಚಿನದೇನೂ ಅಲ್ಲ. ಸೆಟ್ಟಿಂಗ್ಸ್, ಅದರೊಳಗೆ ಆ್ಯಪ್ಸ್, ಅದರೊಳಗೆ ಡೀಫಾಲ್ಟ್ ಆ್ಯಪ್ಸ್ ಎಂಬಲ್ಲಿ ಬೇಕಾದ ಬ್ರೌಸರಿನ ಹೆಸರನ್ನು ಒತ್ತಿ, ‘ಸೆಟ್ ಡೀಫಾಲ್ಟ್’ ಗುಂಡಿಯನ್ನು ಅದುಮಬೇಕು. ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಎರಡರ ಎದುರಿಗೂ ಅದೇ ಹೆಸರು ಬಂದಿದೆಯೇ ಎಂದು ನೋಡಬೇಕು. ಪಿಡಿಎಫ್ ಕಡತಗಳಿಗೆ ಪ್ರತ್ಯೇಕ ನೇಮಕ ಬೇಕಾಗಬಹುದು. ಆಂಡ್ರಾಯ್ಡ್ ಫೋನಿನಲ್ಲಿಯೂ ಡೀಫಾಲ್ಟ್ ಆ್ಯಪ್‌ಗಳ ಪಟ್ಟಿಯಲ್ಲಿ ಬ್ರೌಸರ್ ಆ್ಯಪ್ ಎಂಬ ಸಾಲು ಇದೆ. ಜೊತೆಯಲ್ಲೇ ಬಂದ ಕ್ರೋಮನ್ನು ಸಾಮಾನ್ಯವಾಗಿ ತೆಗೆದುಹಾಕಲಾಗದು, ನಿಷ್ಕ್ರಿಯಗೊಳಿಸಬಹುದು. ದೊಡ್ಡ ನವೀಕರಣ ನಡೆದ ಮರುದಿನ ಈ ಪುಟವನ್ನು ಮತ್ತೊಮ್ಮೆ ತೆರೆದು ನೋಡುವ ಕೆಲಸವನ್ನು ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಿ, ಕಂಡದ್ದನ್ನು ದಿನಾಂಕಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವಂತೆ ಹೇಳಬಹುದು. ಯಾವ ತಿಂಗಳಲ್ಲಿ ಯಾವ ಯಂತ್ರದ ನೇಮಕ ಬದಲಾಯಿತು ಎಂಬ ದಾಖಲೆ ಒಂದೆರಡು ವರ್ಷಗಳಲ್ಲಿ ಆ ನೋಟ್‌ಬುಕ್ಕಿನಲ್ಲೇ ಸಿದ್ಧವಾಗುತ್ತದೆ.